ಅರ್ಧ ಹೆಣೆದ ಶಾಲೂ ಮನೆಯ ಹಿರಿಯರೂ

ದೀಪಾವಳಿಯ ಹಣತೆಗಳು ಆರಿದ ಮೇಲೆ ದೆಹಲಿಯ ಕನ್ನಡಿಗರ ಮನೆಗಳಲ್ಲಿ ಟ್ರಂಕುಗಳ ಮುಚ್ಚಳ ತೆರೆಯುವ ಕಾಲ ಬರುತ್ತದೆ. ನುಸಿಗುಳಿಗೆಯ ವಾಸನೆಯೊಡನೆ ರಜಾಯಿ, ಸ್ವೆಟರು, ಮಫ್ಲರುಗಳು ಹೊರಬೀಳುತ್ತವೆ. ಅವುಗಳ ನಡುವೆ ಒಂದು ಬಟ್ಟೆಯ ಚೀಲವೂ ಇರುವುದುಂಟು. ಹಿಂದಿನ ಹೋಳಿಯ ಹೊತ್ತಿಗೆ, ಸೆಕೆ ತಲೆಯೆತ್ತಿದಾಗ, ಬಾಯಿ ಕಟ್ಟಿ ಇಟ್ಟ ಚೀಲ ಅದು. ಅದರಲ್ಲಿ ಮೊಳದುದ್ದ ಬೆಳೆದು ನಿಂತ ದೊಡ್ಡ ಶಾಲೊಂದು, ಅಂಚು ಮಾತ್ರ ಬಾಕಿಯಿರುವ ಸಣ್ಣ ಶಾಲೊಂದು, ಬೆನ್ನಿನ ಭಾಗ ಮುಗಿದು ಎದೆಯ ಭಾಗ ಕಡ್ಡಿಯ ಮೇಲೇ ಉಳಿದ ತೋಳಿಲ್ಲದ ಸ್ವೆಟರೊಂದು. ಚೀಲದ ಒಡತಿ ಬಹುಮಟ್ಟಿಗೆ ಮನೆಯ ಹಿರಿಯ ಹೆಂಗಸು. ಅದನ್ನು ಕಂಡ ಕೂಡಲೆ ಮಕ್ಕಳು ಸೊಸೆಯಂದಿರು ಆಡುವ ಮಾತೂ ಹೆಚ್ಚುಕಡಿಮೆ ಒಂದೇ: “ಇನ್ನೂ ಮುಗಿಯಲಿಲ್ಲವೇನಮ್ಮಾ ಇದು? ಒಂದು ಮುಗಿಸದೆ ಇನ್ನೊಂದು ಏಕೆ ಶುರು ಮಾಡುತ್ತೀರಿ? ಸುಮ್ಮನೆ ಕಷ್ಟಪಡಬೇಡಿ, ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ.”

ಈ ಮಾತಿನಲ್ಲಿ ಪ್ರೀತಿಯಿಲ್ಲವೆಂದಲ್ಲ. ಆದರೆ ಪ್ರೀತಿಯಿಂದ ಆಡಿದ ಮಾತೆಲ್ಲ ವಿವೇಕದ ಮಾತಾಗಬೇಕೆಂಬ ನಿಯಮವೂ ಇಲ್ಲ. ಆ ಚೀಲವನ್ನು ಸೋಮಾರಿತನದ ಗುರುತೆಂದು ಎಣಿಸುವುದು ಮೊದಲನೆಯ ತಪ್ಪು. ಹಿರಿಯರ ಕೈಗೆ ವಿಶ್ರಾಂತಿಯೇ ಹಿತವೆಂದು ಭಾವಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಕನ್ನಡ ನಾಡಿಗೆ ಉಣ್ಣೆ ಹೊಸದಲ್ಲ. ದಖ್ಖನಿ ಕುರಿಯ ಕರಿಯ ಉಣ್ಣೆಯನ್ನು ನೂತು, ಹುಣಸೆ ಬೀಜದ ಗಂಜಿ ಹಚ್ಚಿ, ಗುಂಡಿಮಗ್ಗದ ಮೇಲೆ ಕಂಬಳಿ ನೇಯುವ ವಿದ್ಯೆ ಕುರುಬರ ಮನೆತನಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಚಳ್ಳಕೆರೆಯ ಕಂಬಳಿ ಇಂದಿಗೂ ಹೆಸರುವಾಸಿ. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆಯೇ ರೈತನ ಮನೆಯೂ ಮಾಡೂ ಆಗಿತ್ತು. ಆದರೆ ಅದು ನೇಯ್ಗೆ; ಹಾಸು ಹೊಕ್ಕುಗಳ ಕೆಲಸ. ಎರಡು ಕಡ್ಡಿಗಳ ನಡುವೆ ಒಂದೇ ಎಳೆಯನ್ನು ಕುಣಿಕೆಯೊಳಗೆ ಕುಣಿಕೆಯಾಗಿ ಎಳೆದು ಬೆಳೆಸುವ ಹೆಣಿಗೆಯ ದಾರಿ ಬೇರೆ. ಬೆಂಗಳೂರು ಮೈಸೂರುಗಳ ಮನೆಗಳಲ್ಲಿ ಕೂಸಿನ ಕುಲಾವಿ, ಕಾಲುಚೀಲ, ಪುಟ್ಟ ಸ್ವೆಟರುಗಳ ಮಟ್ಟಿಗೆ ಅದು ಪರಿಚಿತವಾಗಿತ್ತು. ಆಳೆತ್ತರದ ಗಂಡಸಿಗೆ ಸ್ವೆಟರು, ಹೆಗಲಿನಿಂದ ಮೊಣಕಾಲಿನವರೆಗೆ ಇಳಿಯುವ ಶಾಲು, ಇವನ್ನು ಅನೇಕ ಕನ್ನಡತಿಯರು ಕಲಿತದ್ದು ಉತ್ತರಕ್ಕೆ ಬಂದ ಮೇಲೆ.

ಕಲಿಸಿದವರು ಹೆಚ್ಚಾಗಿ ನೆರೆಯ ಪಂಜಾಬಿ ಹೆಂಗಸರು. ಸರ್ಕಾರಿ ವಸತಿಗಳ ಹುಲ್ಲುಹಾಸಿನ ಮೇಲೆ ಚಳಿಗಾಲದ ನಡುಹಗಲಿನಲ್ಲಿ ಚಾರ್ಪಾಯಿಗಳು ಬೀಳುತ್ತಿದ್ದವು. ಕಡಲೆಕಾಯಿ, ಕಿತ್ತಳೆ, ಉಣ್ಣೆಯ ಉಂಡೆಗಳು ಜೊತೆಯಲ್ಲೇ ಬರುತ್ತಿದ್ದವು. ಹಿಂದಿಯಲ್ಲಿ ನಾಲ್ಕು ಮಾತು ಬಾರದೆ ಹಾಸನದಿಂದಲೋ ಧಾರವಾಡದಿಂದಲೋ ಬಂದಿಳಿದ ಹೊಸ ಸೊಸೆಗೆ ‘ಸೀಧಾ’, ‘ಉಲ್ಟಾ’, ‘ಫಂದಾ’, ‘ಸಲಾಯಿ’ ಎಂಬ ಶಬ್ದಗಳೇ ಆ ಭಾಷೆಯ ಮೊದಲ ಪಾಠವಾದದ್ದುಂಟು. ವ್ಯಾಕರಣದ ಲಿಂಗ ವಚನಗಳು ತಪ್ಪಿದರೂ ಬೆರಳಿನ ಲೆಕ್ಕ ತಪ್ಪುತ್ತಿರಲಿಲ್ಲ. 1962ರ ಚೀನಾ ಯುದ್ಧದ ವೇಳೆ ಹಿಮಾಲಯದ ಗಡಿಯಲ್ಲಿದ್ದ ಜವಾನರಿಗಾಗಿ ದೇಶದ ಹೆಂಗಸರು ಸ್ವೆಟರು ಹೆಣೆದು ಕಳುಹಿಸಿದ್ದು ಹಿರಿಯ ತಲೆಮಾರಿಗೆ ಇನ್ನೂ ನೆನಪಿದೆ. ಕಚೇರಿಗಳಲ್ಲಿ ಊಟದ ವಿರಾಮವನ್ನು ಹಿಗ್ಗಿಸಿ ಹೆಣೆಯುತ್ತಾರೆಂದು ಹೆಂಗಸರನ್ನು ಹಾಸ್ಯ ಮಾಡುತ್ತಿದ್ದುದೂ ಅಷ್ಟೇ ನಿಜ. ಅದೇ ಹುಲ್ಲುಹಾಸಿನ ಮೇಲೆ ಅಷ್ಟೇ ಹೊತ್ತು ಇಸ್ಪೀಟು ಆಡುತ್ತಿದ್ದ ಗಂಡಸರ ಬಗ್ಗೆ ಅಷ್ಟು ಹಾಸ್ಯ ಹುಟ್ಟಲಿಲ್ಲ!

ಇನ್ನು ‘ಮುಗಿಯಲಿಲ್ಲವೇ’ ಎಂಬ ಪ್ರಶ್ನೆ. ಹೆಣಿಗೆಯ ಪ್ರಗತಿಯನ್ನು ಹೊರಗಿನ ಕಣ್ಣಿನಿಂದ ಅಳೆಯುವುದು ಸುಲಭವಲ್ಲ. ಒಂದು ಮೂಲೆಯಲ್ಲಿ ಕೆಲವೇ ಕುಣಿಕೆಗಳಿಂದ ಆರಂಭಿಸಿ, ಸಾಲು ಸಾಲಿಗೂ ಅಗಲವಾಗುತ್ತ ಹೋಗುವ ಮೂರು ಮೂಲೆಯ ಶಾಲನ್ನು ತೆಗೆದುಕೊಳ್ಳಬಹುದು. ಇನ್ನೂರು ಸಾಲಿನ ಶಾಲಿನಲ್ಲಿ ನೂರು ಸಾಲು ಮುಗಿದಾಗ ನೋಡುವವರಿಗೆ ಅರ್ಧ ಕೆಲಸ ಆದಂತೆ ತೋರುತ್ತದೆ. ನಿಜಕ್ಕೂ ಆಗಿರುವುದು ಕಾಲು ಭಾಗ ಮಾತ್ರ. ಮುಂದಿನ ಪ್ರತಿಯೊಂದು ಸಾಲೂ ಹಿಂದಿನದಕ್ಕಿಂತ ಉದ್ದವಾದ್ದರಿಂದ ಮುಕ್ಕಾಲು ಪಾಲು ಶ್ರಮ ಇನ್ನೂ ಮುಂದಿರುತ್ತದೆ. ಕಳೆದ ತಿಂಗಳು ಬೆರಳಷ್ಟು ಬೆಳೆಯುತ್ತಿದ್ದ ಶಾಲು ಈ ತಿಂಗಳು ಉಗುರಷ್ಟೂ ಬೆಳೆಯದಿದ್ದರೆ ಕೈ ನಿಧಾನವಾಯಿತೆಂದು ಅರ್ಥವಲ್ಲ.

ತೋಳಿಲ್ಲದ ಸ್ವೆಟರಿನ ಕಥೆ ಬೇರೆ. ಬೆನ್ನು ಸಲೀಸಾಗಿ ಸಾಗುತ್ತದೆ. ಎದೆಯ ಭಾಗದಲ್ಲಿ ಕತ್ತಿನ ಇಳಿಜಾರು ಬಂದಾಗ ಎರಡು ಕಡೆಯ ಕಡಿತಗಳೂ ಒಂದಕ್ಕೊಂದು ಹೊಂದಬೇಕು. ಬಳಿಕ ಕತ್ತಿಗೂ ಕಂಕುಳಿಗೂ ಕುಣಿಕೆಗಳನ್ನು ಹೊಸದಾಗಿ ಎತ್ತಿ ಪಟ್ಟಿ ಹೆಣೆಯಬೇಕು. ಅಳತೆಯ ಚೌಕ ಹೆಣೆದು ನೋಡದೆ ಶುರುಮಾಡಿದ್ದರೆ ಇನ್ನೊಂದು ಫಜೀತಿ: ಅಂಗುಲಕ್ಕೆ ಐದೂವರೆ ಕುಣಿಕೆಯೆಂದು ಲೆಕ್ಕ ಹಾಕಿ 220 ಕುಣಿಕೆಗಳನ್ನು ಇಟ್ಟವರ ಕೈ ತುಸು ಬಿಗಿಯಾಗಿ ಅಂಗುಲಕ್ಕೆ ಆರು ಬಿದ್ದರೆ, 40 ಅಂಗುಲದ ಸುತ್ತಳತೆ 37ಕ್ಕಿಂತ ಕೆಳಗಿಳಿಯುತ್ತದೆ. ಆಗ ಬಿಚ್ಚದೆ ಗತಿಯಿಲ್ಲ. ಬಿಚ್ಚಿದ ದಿನ ಕೆಲಸ ಹಿಂದೆ ಹೋಯಿತೆಂದು ಮನೆಯವರು ಮರುಗುತ್ತಾರೆ; ಹೆಣೆಯುವವರು ಮಾತ್ರ ಅದೇ ಎಳೆಯನ್ನು ಉಂಡೆ ಸುತ್ತಿ ಮತ್ತೆ ಕುಣಿಕೆ ಹಾಕುತ್ತಾರೆ. ಹತ್ತು ವರ್ಷ ಹಾಕಿದ ಸ್ವೆಟರನ್ನೇ ಬಿಚ್ಚಿ, ಲಡಿ ಸುತ್ತಿ, ತೊಳೆದು ಸುಕ್ಕು ಬಿಡಿಸಿ, ಬೆಳೆದ ಮಗನ ಮೈಗೆ ಹೊಸದಾಗಿ ಹೆಣೆದ ಮನೆಗಳಿಗೆ ಇದೇನು ದೊಡ್ಡದಲ್ಲ.

ಒಂದೇ ಚೀಲದಲ್ಲಿ ಮೂರು ಹೆಣಿಗೆಗಳಿರುವುದಕ್ಕೂ ಕಾರಣವಿದೆ. ಜಾಲರಿ ಹೂವಿನ ಶಾಲಿಗೆ ಏಕಾಂತ ಬೇಕು. ಲೆಕ್ಕ ತಪ್ಪಿದರೆ ಹೂವು ಸೊಟ್ಟಗಾಗುತ್ತದೆ. ಸ್ಕಾಟ್ಲೆಂಡಿನ ಉತ್ತರದ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ, ರಷ್ಯಾದ ಓರೆನ್‌ಬುರ್ಗ್ ಸೀಮೆಯಲ್ಲಿ ಉಂಗುರದೊಳಗಿಂದ ಎಳೆದು ತೆಗೆಯಬಹುದಾದಷ್ಟು ನವುರಾದ ಶಾಲುಗಳನ್ನು ಕೈಯಿಂದಲೇ ಹೆಣೆದಿದ್ದಾರೆ. ಅಂಥವು ಹರಟೆಯ ನಡುವೆ ಆಗುವ ಕೆಲಸವಲ್ಲ. ಸಾದಾ ಹೆಣಿಗೆಯ ಸ್ವೆಟರಿನ ಬೆನ್ನಾದರೋ ನಾಲ್ಕು ಜನರೊಡನೆ ಮಾತನಾಡುತ್ತ, ಮೊಮ್ಮಗನ ಮಗ್ಗಿ ಒಪ್ಪಿಸಿಕೊಳ್ಳುತ್ತ ಸಾಗುತ್ತದೆ. ಕಣ್ಣಿನ ಪೊರೆ ಬಲಿಯುತ್ತಿರುವವರಿಗೆ ಕಪ್ಪು ಉಣ್ಣೆ ಹಗಲಿಗೇ ಮೀಸಲು, ತಿಳಿಬಣ್ಣದ್ದು ಸಂಜೆಗೆ. ಬೆರಳು ಬಿಗಿಯಾದ ಮುಂಜಾವಿನಲ್ಲಿ 12ನೆಯ ನಂಬರಿನ ಸಣ್ಣ ಕಡ್ಡಿ ಹಿಡಿಯಲಾಗದು. 8ನೆಯ ನಂಬರಿನ ದಪ್ಪ ಕಡ್ಡಿ ಒಗ್ಗುತ್ತದೆ. ಒಲೆಯ ಮೇಲೆ ಏಕಕಾಲದಲ್ಲಿ ಅನ್ನ, ಸಾರು, ಪಲ್ಯ ಇಟ್ಟ ಗೃಹಿಣಿಯನ್ನು ಯಾರೂ ಒಂದನ್ನು ಮುಗಿಸದೆ ಇನ್ನೊಂದಕ್ಕೆ ಕೈಹಾಕಿದಳೆಂದು ಆಕ್ಷೇಪಿಸುವುದಿಲ್ಲ.

ಬೆಲೆಯ ವಾದವನ್ನು ಮಾತ್ರ ಒಪ್ಪಿಕೊಳ್ಳಬೇಕು. ಲುಧಿಯಾನದ ಕಾರ್ಖಾನೆಗಳ ಸಿದ್ಧ ಸ್ವೆಟರಿಗಿಂತ ಮನೆಯ ಹೆಣಿಗೆ ಇಂದು ಅಗ್ಗವಲ್ಲ. ಒಳ್ಳೆಯ ಉಣ್ಣೆ ಕೊಂಡರೆ ದುಬಾರಿಯೇ. ಉಳಿತಾಯಕ್ಕಾಗಿ ಹೆಣೆಯುವ ಕಾಲ ಮುಗಿಯಿತು. ಹಾಗಾದರೆ ಈ ಕೆಲಸ ಉಳಿಯಬೇಕಾದುದೇಕೆ?

ಆರೋಗ್ಯದ ದೃಷ್ಟಿಯಿಂದ ನೋಡಬಹುದು. 2013ರಲ್ಲಿ ಬ್ರಿಟನ್ನಿನ ಔದ್ಯೋಗಿಕ ಚಿಕಿತ್ಸೆಯ ಪತ್ರಿಕೆಯೊಂದರಲ್ಲಿ ನಾನಾ ದೇಶಗಳ 3,545 ಹೆಣಿಗೆಗಾರರ ಸಮೀಕ್ಷೆ ಪ್ರಕಟವಾಯಿತು. ಹೆಚ್ಚು ಸಲ ಹೆಣೆಯುವವರು ಮನಸ್ಸು ಶಾಂತವಾಗಿ, ಉಲ್ಲಾಸವಾಗಿ ಇರುತ್ತದೆಂದು ಹೇಳಿಕೊಂಡಿದ್ದರು. 2011ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 70ರಿಂದ 89 ವಯಸ್ಸಿನ 1,321 ಜನರನ್ನು ಪರೀಕ್ಷಿಸಿದಾಗ, ಹೆಣಿಗೆಯಂಥ ಕರಕುಶಲ ಕೆಲಸ, ಓದು, ಆಟಗಳಲ್ಲಿ ತೊಡಗಿದ್ದವರಲ್ಲಿ ನೆನಪಿನ ಶಕ್ತಿ ಕುಂದಿದವರ ಪ್ರಮಾಣ ಕಡಿಮೆಯಿತ್ತು. ಇವನ್ನು ಮಿತಿಯರಿತು ಓದಬೇಕು. ಮೊದಲನೆಯದರಲ್ಲಿ ಉತ್ತರಿಸಿದವರೆಲ್ಲ ಹೆಣಿಗೆಯನ್ನು ಪ್ರೀತಿಸುವವರೇ. ಎರಡನೆಯದರಲ್ಲಿ, ನೆನಪು ಚೆನ್ನಾಗಿರುವವರೇ ಅಂಥ ಕೆಲಸಕ್ಕೆ ಕೈಹಾಕುತ್ತಾರೆಂದೂ ವಾದಿಸಬಹುದು. ಹೆಣಿಗೆ ಔಷಧಿಯಲ್ಲ. ರಕ್ತದೊತ್ತಡದ ಮಾತ್ರೆ ಬಿಟ್ಟು ಕಡ್ಡಿ ಹಿಡಿಯಿರೆಂದು ಯಾವ ವೈದ್ಯರೂ ಹೇಳಲಾರರು.

ಕೈಗೂ ನೋವಾಗದಂತೆ ಜಾಗ್ರತೆ ವಹಿಸಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು, ಬೆರಳು ಬಿಡಿಸಿ ಮಡಿಸಿ ಕೂರುವುದು ಒಳ್ಳೆಯದು. ದೊಡ್ಡ ಶಾಲಿಗೆ ಎರಡು ಉದ್ದ ಕಡ್ಡಿಗಳ ಬದಲು ನಡುವೆ ತಂತಿಯಿರುವ ಜೋಡುಕಡ್ಡಿ ಬಳಸಿದರೆ ಭಾರ ಮಣಿಕಟ್ಟಿನ ಮೇಲೆ ಬೀಳದೆ ಮಡಿಲಿನಲ್ಲಿ ನಿಲ್ಲುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಮತ್ತೆಮತ್ತೆ ಜೋಮು ಹಿಡಿದರೆ, ಅದರಲ್ಲೂ ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಮಣಿಕಟ್ಟಿನಲ್ಲಿ ನರದ ಮೇಲೆ ಒತ್ತಡ ಬಿದ್ದಿರಬಹುದು. ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರಿಗೆ ತೋರಿಸಬೇಕು.

ಶಾಲೂ ತೋಳಿಲ್ಲದ ಸ್ವೆಟರೂ ಎರಡೂ ಏಕೆ ಬೇಕೆಂದು ಕೇಳುವವರಿದ್ದಾರೆ. ಡಿಸೆಂಬರ್ ಜನವರಿಗಳಲ್ಲಿ ದೆಹಲಿಯ ರಾತ್ರಿಯ ಉಷ್ಣತೆ ಎಷ್ಟೋ ಸಲ 4–5 ಡಿಗ್ರಿಗೆ ಇಳಿಯುತ್ತದೆ. ವಯಸ್ಸಾದ ಮೈ ಬೇಗ ತಣ್ಣಗಾಗುತ್ತದೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯನ್ನು ಬೆಚ್ಚಗಿಡುವುದರಿಂದ ಒಂದು ದಪ್ಪ ಕೋಟಿಗಿಂತ ಎರಡು ಮೂರು ತೆಳುವಾದ ಪದರಗಳು ಮೇಲು. ತೋಳಿಲ್ಲದ ಸ್ವೆಟರು ಎದೆ ಬೆನ್ನುಗಳನ್ನು ಕಾಪಾಡಿ ಕೈಗಳನ್ನು ಕೆಲಸಕ್ಕೆ ಬಿಡುತ್ತದೆ. ಶಾಲು ಕುಳಿತವರ ಉಡುಪು. ಅದನ್ನು ಹೊದ್ದು ಗ್ಯಾಸ್ ಒಲೆಯ ಮುಂದೆ ಬಗ್ಗುವುದು ಅಪಾಯಕರ. ಅಪ್ಪಟ ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ. ಆದರೆ ಈಗ ಪೇಟೆಯಲ್ಲಿ ‘ಉಲ್ಲನ್’ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಅದು ಹೊತ್ತಿಕೊಂಡರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕೊಂಡ ಎಳೆಯ ಒಂದು ತುಣುಕನ್ನು ಸುಟ್ಟು ನೋಡಿದರೆ ತಿಳಿಯುತ್ತದೆ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಗಟ್ಟಿ ಮಣಿಯಾಗಿ ಉಳಿದರೆ ಅಕ್ರಿಲಿಕ್. ಆದ್ದರಿಂದ ಚೀಲದಲ್ಲಿರುವ ಮೂರರಲ್ಲಿ ಮೊದಲು ಮುಗಿಯಬೇಕಾದುದು ಅಡಿಗೆಮನೆಗೆ ಹೋಗುವವರ ಸ್ವೆಟರು. ಶಾಲು ಕಾಯಬಹುದು.

ಇಷ್ಟೆಲ್ಲ ಹೇಳಿದರೂ ಮುಖ್ಯ ಮಾತು ಉಳಿದೇ ಇದೆ. ಗಂಡನನ್ನು ಕಳೆದುಕೊಂಡ ಬಳಿಕ ಊರಿನ ಮನೆಗೆ ಬೀಗ ಹಾಕಿ ಮಗನ ಮನೆಗೆ ಬಂದ ತಾಯಂದಿರ ಸ್ಥಿತಿಯನ್ನು ಮಹಾನಗರದ ಕನ್ನಡಿಗರು ಬಲ್ಲರು. ಊರಿನಲ್ಲಿ ಅವರ ಸಲಹೆಯಿಲ್ಲದೆ ಉಪ್ಪಿನಕಾಯಿಯ ಜಾಡಿ ತುಂಬುತ್ತಿರಲಿಲ್ಲ. ಇಲ್ಲಿ ಅಡಿಗೆಗೆ ಆಳು ಇದ್ದಾಳೆ, ಬಟ್ಟೆಗೆ ಯಂತ್ರವಿದೆ, ಮೊಮ್ಮಕ್ಕಳಿಗೆ ಹಿಂದಿ ಇಂಗ್ಲಿಷುಗಳಿವೆ. ಹಗಲೆಲ್ಲ ಟೆಲಿವಿಷನ್ ಅವರ ಜೊತೆ ಮಾತನಾಡುತ್ತದೆ. ಅವರು ಯಾರ ಜೊತೆಗೆ ಮಾತನಾಡಬೇಕು? ಅಂಥ ಮನೆಯಲ್ಲಿ ‘ಇದು ನಿನ್ನ ಅಳತೆಗೆ, ಬಾ, ಬೆನ್ನು ತೋರಿಸು’ ಎಂದು ಮೊಮ್ಮಗನನ್ನು ಕರೆಯುವ ಅಧಿಕಾರವನ್ನು ಅಜ್ಜಿಗೆ ಕೊಡುವುದು ಆ ಚೀಲವೊಂದೇ. ಅದನ್ನು ಕಸಿದುಕೊಂಡು ಅಂಗಡಿಯ ಜಾಕೀಟು ತಂದುಕೊಟ್ಟರೆ ಚಳಿ ಹೋದೀತು. ಅವಳು ಮನೆಗೆ ಬೇಕಾದವಳೆಂಬ ಭಾವನೆಯೂ ಹೋದೀತು. ನಿವೃತ್ತರಾದ ಗಂಡಸರ ಪಾಡು ಇದಕ್ಕಿಂತ ಬೇರೆಯಲ್ಲ. ಅವರ ಕೈಗೆ ಕಡ್ಡಿ ಕೊಟ್ಟರೆ ನಗುವವರು, ಕಂಬಳಿಯ ಮಗ್ಗದ ಮುಂದೆ ಕುಳಿತವರು ಬಹುಪಾಲು ಗಂಡಸರೇ ಎಂಬುದನ್ನು ಮರೆಯಬಾರದು.

ಹುಲ್ಲುಹಾಸುಗಳೂ ಕಡಿಮೆಯಾಗುತ್ತಿವೆ. 2016ರಲ್ಲಿ ಕೇಂದ್ರ ಸರ್ಕಾರ ಸರೋಜಿನಿ ನಗರ, ನೇತಾಜಿ ನಗರ ಮುಂತಾದ ಏಳು ಸರ್ಕಾರಿ ವಸತಿಗಳ ಪುನರ್ನಿರ್ಮಾಣಕ್ಕೆ ಒಪ್ಪಿಗೆ ನೀಡಿದ ಮೇಲೆ, ಎರಡಂತಸ್ತಿನ ಹಳೆಯ ಮನೆಗಳಿದ್ದಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ. ಹತ್ತನೆಯ ಮಹಡಿಯಿಂದ ಚಾರ್ಪಾಯಿ ಇಳಿಸುವವರಾರು? ಮೇಲಾಗಿ ನವೆಂಬರಿನಿಂದ ದೆಹಲಿಯ ಗಾಳಿಯೇ ಕೆಡುವುದರಿಂದ, ಹೊಗೆಮಂಜು ದಟ್ಟವಾದ ದಿನಗಳಲ್ಲಿ ಉಬ್ಬಸದವರು, ಹೃದ್ರೋಗಿಗಳು ಹೊರಗೆ ಕೂರದಿರುವುದೇ ಲೇಸು. ಬಿಸಿಲು ಶುಭ್ರವಾಗಿರುವ ದಿನ ನಡುಹಗಲಿನ ಒಂದು ಗಂಟೆಯನ್ನು ಮಾತ್ರ ಬಿಡಬಾರದು. ಡಿ ಜೀವಸತ್ವಕ್ಕೆ ಅದು ಬೇಕು, ಬೆರಳಿಗೂ ಬೇಕು.

ಇಲ್ಲಿ ಸಂಘಗಳು ಮಾಡಬಹುದಾದ ಕೆಲಸವಿದೆ. ರಾಜ್ಯೋತ್ಸವದ ನಾಟಕಕ್ಕೂ ಸುಗಮ ಸಂಗೀತಕ್ಕೂ ಸಭಾಂಗಣ ತೆರೆಯುತ್ತದೆ. ಆ ದಿನ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಫಲತಾಂಬೂಲ ಕೊಟ್ಟು ಕಳುಹಿಸುತ್ತಾರೆ. ಮರುದಿನದಿಂದ ಅವರು ಮತ್ತೆ ಕೋಣೆಯೊಳಗೆ. ಅದರ ಬದಲು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಪ್ರತಿ ಭಾನುವಾರ ಹನ್ನೊಂದರಿಂದ ಎರಡು ಗಂಟೆಯವರೆಗೆ ಅದೇ ಸಭಾಂಗಣದ ಒಂದು ಮೂಲೆಯಲ್ಲಿ ಜಮಖಾನೆ ಹಾಸಿ, ನೆಲಕ್ಕೆ ಕೂರಲಾಗದವರಿಗೆ ಬೆನ್ನಿನಾಸರೆಯ ನಾಲ್ಕು ಕುರ್ಚಿ ಇಟ್ಟು, ಹೆಣಿಗೆಯ ಕೂಟ ನಡೆಸಬಹುದು. ಕಾಫಿಯ ಖರ್ಚಿಗಿಂತ ಹೆಚ್ಚಿನ ಖರ್ಚಿಲ್ಲ. ಕಲಿಯಬಯಸುವ ಹುಡುಗ ಹುಡುಗಿಯರು ಬರಲಿ; ಕುಣಿಕೆ ಎಣಿಸುವಾಗಲಾದರೂ ಒಂದರಿಂದ ನೂರರವರೆಗೆ ಕನ್ನಡ ಅಂಕಿಗಳು ಅವರ ಬಾಯಿಗೆ ಬಂದಾವು. ಹಿರಿಯರನ್ನು ಕರೆತಂದು ಬಿಡುವ ವಾಹನದ ಏರ್ಪಾಟು ಮಾತ್ರ ಆಗಲೇಬೇಕು. ಅದಿಲ್ಲದಿದ್ದರೆ ಯಾವ ಕೂಟವೂ ನಾಲ್ಕು ವಾರ ನಡೆಯದು.

ಬರುವವರು ಹೊಸ ಉಣ್ಣೆ ಕೊಳ್ಳಬೇಕಾಗಿಲ್ಲ. ಕಳೆದ ವರ್ಷ ಕಟ್ಟಿಟ್ಟ ಚೀಲವನ್ನು ತಂದರೆ ಸಾಕು.