ನಕ್ಷೆ ಬಲ್ಲ ಸಂಶೋಧಕರಿಗೆ ಬೇಡಿಕೆಯಿದೆ, ನೆಲೆಯಿಲ್ಲ

ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಅಧ್ಯಯನ ಇಂದು ಪ್ರಯೋಗಾಲಯಕ್ಕೆ ಸೀಮಿತವಾಗಿಲ್ಲ. ಉಣ್ಣೆಗಳ ಮೂಲಕ ಹರಡುವ ಈ ರೋಗ ಯಾವ ಊರಿನ ಅಂಚಿನಲ್ಲಿ ಕಾಣಿಸಿಕೊಳ್ಳಬಹುದೆಂದು ಅಂದಾಜಿಸಲು ರೋಗಿಗಳ ವಿವರ, ಕಾಡಿನ ಬಗೆ, ತೋಟಗಳ ವಿಸ್ತಾರ ಹಾಗೂ ಜಾನುವಾರುಗಳ ಸಂಖ್ಯೆಯನ್ನು ಒಂದೇ ನಕ್ಷೆಯ ಮೇಲೆ ಜೋಡಿಸಬೇಕು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೀಗೆ ಜೋಡಿಸಿ, ಕಾಡು ಮತ್ತು ತೋಟ ಬೆರೆತಿರುವ ಪ್ರದೇಶಗಳಲ್ಲಿ ಅಪಾಯ ಹೆಚ್ಚೆಂದು ಗುರುತಿಸಿತು. ಇದು ವೈದ್ಯಕೀಯವೇ, ಪರಿಸರ ವಿಜ್ಞಾನವೇ, ಭೂಗೋಳವೇ ಎಂದು ಕೇಳಿದರೆ ಮೂರೂ ಹೌದೆನ್ನಬೇಕಾಗುತ್ತದೆ.

ಸಂಶೋಧನಾ ಹುದ್ದೆಗಳ ಸ್ವರೂಪ ಬದಲಾಗುತ್ತಿರುವುದಕ್ಕೆ ಇದೇ ಕಾರಣ. ಕೊಡಗಿನಲ್ಲಿ 2018ರಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರಲ್ಲಿ ಸಂಭವಿಸಿದಂತಹ ಭೂಕುಸಿತಗಳ ಅಧ್ಯಯನ, ಅಂತರ್ಜಲ, ಬೆಳೆ ಅಂದಾಜು, ವನ್ಯಜೀವಿ ಸಂಚಾರ, ನಗರದ ಬಿಸಿಲು ಹೀಗೆ ಎಲ್ಲೆಡೆ ಉಪಗ್ರಹ ಚಿತ್ರ ಮತ್ತು ಜಿಐಎಸ್ ಬಲ್ಲವರು ಬೇಕು. ಆದರೆ ಹುದ್ದೆಗಳು ಬೇರೆ ಬೇರೆ ವಿಷಯಗಳ ಹೆಸರಿನಲ್ಲಿ ಚದುರಿಹೋಗಿರುವುದರಿಂದ ಅರ್ಹರ ಕಣ್ಣಿಗೆ ಬೀಳುವುದೇ ಕಷ್ಟ.

ಸರ್ಕಾರದ ನೀತಿಯೇನೋ ಮುಂದೆ ಸಾಗಿದೆ. ಭಾರತೀಯ ಸಂಸ್ಥೆಗಳು ನಕ್ಷೆ ತಯಾರಿಸಲು ಪೂರ್ವಾನುಮತಿ ಪಡೆಯಬೇಕಿದ್ದ ನಿಯಮವನ್ನು 2021ರ ಫೆಬ್ರವರಿಯಲ್ಲಿ ಕೈಬಿಡಲಾಯಿತು. 2022ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಭೂಮಾಹಿತಿ ನೀತಿ ಹೊರಬಿತ್ತು. ಅದೇ ವರ್ಷ ಗೇಟ್ ಪರೀಕ್ಷೆಗೆ ಜಿಯೋಮ್ಯಾಟಿಕ್ಸ್ ಪತ್ರಿಕೆಯೂ ಸೇರ್ಪಡೆಯಾಯಿತು.

ಅರ್ಹತೆಯ ದಾರಿಗಳು ಮಾತ್ರ ಇನ್ನೂ ಹಳೆಯ ವಿಷಯವಾರು ವಿಂಗಡಣೆಯಲ್ಲೇ ಇವೆ. ಭೂಗೋಳದ ಅಭ್ಯರ್ಥಿ ಯುಜಿಸಿ ನೆಟ್ ಬರೆದರೆ, ಭೂವಿಜ್ಞಾನ ಮತ್ತು ಜೀವವಿಜ್ಞಾನದವರು ಸಿಎಸ್‌ಐಆರ್ ನೆಟ್ ಬರೆಯಬೇಕು. ಮೂವರೂ ಒಂದೇ ನಕ್ಷೆಯ ಮುಂದೆ ಕೂರುವವರು ಎಂಬುದು ಗಮನಾರ್ಹ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಹುದ್ದೆಯ ಆಯುಷ್ಯದ್ದು. ಇಂತಹ ಅವಕಾಶಗಳಲ್ಲಿ ಬಹುಪಾಲು ಯೋಜನೆಗೆ ಸೀಮಿತವಾದವು. 2023ರ ಪರಿಷ್ಕರಣೆಯಲ್ಲಿ ಕಿರಿಯ ಸಂಶೋಧಕರ ಮಾಸಿಕ ಶಿಷ್ಯವೇತನವನ್ನು 31,000 ರೂ.ಗಳಿಂದ 37,000ಕ್ಕೆ, ಹಿರಿಯ ಸಂಶೋಧಕರದ್ದನ್ನು 35,000ದಿಂದ 42,000ಕ್ಕೆ ಏರಿಸಿದ್ದು ಸ್ವಾಗತಾರ್ಹವೇ. ಆದರೆ ಯೋಜನೆ ಮುಗಿದೊಡನೆ ಸಂಶೋಧಕ ಹೊರನಡೆಯುತ್ತಾನೆ. ಆತನೊಂದಿಗೆ ಮಲೆನಾಡಿನ ಊರೂರು ಸುತ್ತಿ ಗಳಿಸಿದ ತಿಳಿವಳಿಕೆಯೂ ಹೊರಟುಹೋಗುತ್ತದೆ.

ರೋಗ ಯೋಜನೆಯ ಅವಧಿಯನ್ನು ನೋಡಿ ಬರುವುದಿಲ್ಲ. ಕಾಡಿನ ಅಂಚು ಬದಲಾದಂತೆ ನಕ್ಷೆಯೂ ಹಳತಾಗುತ್ತದೆ. ಅದನ್ನು ಪ್ರತಿ ವರ್ಷ ತಿದ್ದಲು ಆರೋಗ್ಯ, ಅರಣ್ಯ ಮತ್ತು ವಿಪತ್ತು ನಿರ್ವಹಣಾ ವ್ಯವಸ್ಥೆಗಳಲ್ಲಿ ಖಾಯಂ ತಜ್ಞರು ಬೇಕು. ರಾಜ್ಯದಲ್ಲಿ ದೂರಸಂವೇದಿ ಅನ್ವಯಿಕ ಕೇಂದ್ರವಿದೆ, ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ತಂತ್ರಜ್ಞಾನಕ್ಕೆ ಇಲ್ಲಿ ಕೊರತೆಯಿಲ್ಲ.

ಅಲ್ಲಿಯವರೆಗೆ ಉದ್ಯೋಗಾಕಾಂಕ್ಷಿಗಳು ‘ಜಿಐಎಸ್’ ಎಂಬ ಹೆಸರನ್ನಷ್ಟೇ ಹುಡುಕದೆ ಸಾಂಕ್ರಾಮಿಕ ರೋಗ, ಜಲ, ಕೃಷಿ, ಅರಣ್ಯ ಯೋಜನೆಗಳ ಪ್ರಕಟಣೆಗಳನ್ನೂ ಗಮನಿಸುವುದು ಒಳಿತು. ಉಚಿತವಾಗಿ ದೊರೆಯುವ ಕ್ಯೂಜಿಐಎಸ್ ತಂತ್ರಾಂಶದ ಪರಿಣತಿಯೊಂದಿಗೆ ಒಂದು ವಿಷಯದ ಆಳವಾದ ಜ್ಞಾನವಿದ್ದರೆ ಆಯ್ಕೆಯ ಅವಕಾಶ ಹೆಚ್ಚು. ಹಾಗೆ ಆಯ್ಕೆಯಾದವರನ್ನು ಉಳಿಸಿಕೊಳ್ಳುವ ಹೊಣೆ ಮಾತ್ರ ಸರ್ಕಾರದ್ದು.