ಹಲಗೆ ಕೇಳಿದ ಕಿವಿಗೆ ಮೆಟಾಲಿಕಾ
ಶಹಾಪುರದ ಮಲಗಿದ ಬುದ್ಧನ ಗುಡ್ಡ ಕಾಣುವ ಮಾಳಿಗೆಯ ಮೇಲೆ ಅಕ್ಕನ ಮಗ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟು, ‘ಮಾಮಾ, ಕಣ್ಣ್ ಮುಚ್ಚಿ ಕೇಳ್ರಿ’ ಅಂದ. ಮೆಟಾಲಿಕಾ ಎಂಬ ಮೆಟಲ್ ತಂಡದ ‘ಮಾಸ್ಟರ್ ಆಫ್ ಪಪೆಟ್ಸ್’. 1986ರದ್ದು, ಎಂಟೂವರೆ ನಿಮಿಷದ ಹಾಡು. ತಂಡದ ಜೇಮ್ಸ್ ಹೆಟ್‌ಫೀಲ್ಡ್ ಗಿಟಾರಿನ ತಂತಿಯನ್ನು ಬಹುಪಾಲು ಮೇಲಿನಿಂದ ಕೆಳಕ್ಕೇ ಮೀಟುತ್ತಾರೆ. ಆ ಬಿರುಸಿಗೆ ಎಂಥವರ ಮಣಿಕಟ್ಟೂ ಸೋಲಬೇಕು. ನನಗೆ ಸುರಪುರ ಸೀಮೆಯ ಮೊಹರಂ ನೆನಪಾಯಿತು. ಬೆಂಕಿಗೆ ಹಿಡಿದು ಕಾಯಿಸಿದ ಹಲಗೆ, ಅದರ ಚರ್ಮ ಬಿಗಿದಂತೆ ಏರುವ ನಾದ, ಅಲಾಯಿ ಕುಣಿ ಎಂಬ ಬೆಂಕಿಗುಂಡಿಯ ಸುತ್ತ ನಿಲ್ಲದ ಕಾಲುಗಳು. ದೂರದವರಿಗೆ ಗದ್ದಲ, ಬಾರಿಸುವವನಿಗೆ ಪ್ರತಿ ಪೆಟ್ಟೂ ಲೆಕ್ಕ. ಹಾಡು ಹೇಳುವುದು ಮನುಷ್ಯನನ್ನು ಸೂತ್ರದ ಗೊಂಬೆ ಮಾಡುವ ಅಮಲಿನ ಕಥೆ. ಅದು ಯಾವ ಊರಿಗೆ ಹೊರಗಿನದು? ಈ ಹಾಡಿರುವ ಆಲ್ಬಂ ಬಂದ ವರ್ಷವೇ ಬಾಸ್ ನುಡಿಸಿದ ಕ್ಲಿಫ್ ಬರ್ಟನ್ ಸ್ವೀಡನ್ನಿನ ಬಸ್ ಅಪಘಾತದಲ್ಲಿ ತೀರಿಹೋದರು, ಬರೀ 24ಕ್ಕೆ. ದಿಲ್ಲಿ ಪಕ್ಕದ ಕಾರ್ಯಕ್ರಮ ರದ್ದಾಗಿ, ಭಾರತದಲ್ಲಿ ತಂಡ ಮೊದಲು ನುಡಿಸಿದ್ದು ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ, 2011ರ ಅಕ್ಟೋಬರ್ 30ರಂದು. ಹುಡುಗನಿಗೆ ಹಾಡು ಸಿಕ್ಕಿದ್ದು 2022ರ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯಿಂದ. ಹಾಡು ಮುಗಿದರೂ ಅವನ ಬೆರಳು ನೀರಿನ ಕೊಡದ ಮೇಲೆ ಅದೇ ಪೆಟ್ಟು ಹಾಕುತ್ತಿತ್ತು.