ಹಲವು ವೈರಸ್‌ಗೆ ಒಂದೇ ಮದ್ದು: ಹೊಣೆ ಯಾರದು?

ತುಂಗಭದ್ರೆಯ ಕಾಲುವೆಗೆ ನೀರು ಬಂದರೆ ಸಿರುಗುಪ್ಪ, ಕುರುಗೋಡಿನ ಭತ್ತದ ಗದ್ದೆಗಳು ಹಸಿರಾಗುತ್ತವೆ. ಅದರ ಬೆನ್ನಿಗೇ ಜ್ವರದ ಭಯವೂ ಬರುತ್ತದೆ. ಗದ್ದೆಯಲ್ಲಿ ನಿಂತ ನೀರಿನ ಸೊಳ್ಳೆ ಮೆದುಳು ಜ್ವರವನ್ನು ಹರಡಿದರೆ, ಬಳ್ಳಾರಿ ನಗರದ ಮನೆಗಳ ತೊಟ್ಟಿ, ಡ್ರಮ್ಮುಗಳಲ್ಲಿ ಹುಟ್ಟುವ ಸೊಳ್ಳೆ ಡೆಂಗಿ ಮತ್ತು ಚಿಕುನ್‌ಗುನ್ಯವನ್ನು ಹರಡುತ್ತದೆ. 2006ರಲ್ಲಿ ರಾಜ್ಯದ ಏಳು ಲಕ್ಷಕ್ಕೂ ಅಧಿಕ ಮಂದಿ ಶಂಕಿತ ಚಿಕುನ್‌ಗುನ್ಯದಿಂದ ನರಳಿದರು. ಕೂಲಿಯನ್ನೇ ನಂಬಿದವನ ಕೀಲುಗಳು ಹಿಡಿದುಕೊಂಡರೆ ಆ ಮನೆಯ ಒಲೆ ಉರಿಯುವುದಾದರೂ ಹೇಗೆ?

ಈ ರೋಗಗಳ ಪೈಕಿ ಮೆದುಳು ಜ್ವರಕ್ಕೆ ಲಸಿಕೆಯಿದೆ. ಆದರೆ ರೋಗ ತಗುಲಿದ ಮೇಲೆ ವೈರಸ್ಸನ್ನೇ ತಡೆಯುವ ಅಂಗೀಕೃತ ಔಷಧಿ ಯಾವುದಕ್ಕೂ ಇಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೂ ಇಲ್ಲ. ಆದ್ದರಿಂದಲೇ ವಿಜ್ಞಾನಿಗಳು ಹಲವು ವೈರಸ್‌ಗಳಿಗೆ ಒಂದೇ ಮದ್ದನ್ನು ಅರಸುತ್ತಿದ್ದಾರೆ. ಇದು ಹುಚ್ಚು ಕನಸಲ್ಲ. ಡೆಂಗಿ, ಮೆದುಳು ಜ್ವರ, ಮಂಗನ ಕಾಯಿಲೆಗಳ ವೈರಸ್‌ಗಳು ಒಂದೇ ಕುಟುಂಬಕ್ಕೆ ಸೇರಿದವು. ತಮ್ಮ ಪ್ರತಿಗಳನ್ನು ತಯಾರಿಸಲು ಅವು ಬಳಸುವ ಕಿಣ್ವಗಳಲ್ಲಿ ಬಹಳಷ್ಟು ಹೋಲಿಕೆಯಿದೆ. ಆ ಕಿಣ್ವವನ್ನು ಕಟ್ಟಿಹಾಕಿದರೆ ಹೊಸದಾಗಿ ಬರುವ ಸೋದರ ವೈರಸ್ಸನ್ನೂ ಎದುರಿಸಬಹುದು.

ಕೊರೊನಾ ಕಾಲದ ರೆಮ್‌ಡೆಸಿವಿರ್ ಇದಕ್ಕೆ ನಿದರ್ಶನ. ಎಬೋಲಾ ವಿರುದ್ಧ ಮೊದಲೇ ಪರೀಕ್ಷಿಸಲ್ಪಟ್ಟಿದ್ದ ಕಾರಣಕ್ಕೆ 2020ರಲ್ಲಿ ಅದು ಬೇಗನೆ ಕೈಗೆ ಸಿಕ್ಕಿತು. ಆದರೆ ಆಸ್ಪತ್ರೆ ಸೇರಿದವರಲ್ಲಿ ಅದರ ಫಲ ಅತ್ಯಲ್ಪವೆಂದು ವಿಶ್ವ ಆರೋಗ್ಯ ಸಂಸ್ಥೆಯ ಪರೀಕ್ಷೆ ಆ ವರ್ಷವೇ ತಿಳಿಸಿತ್ತು. ಆದರೂ 2021ರಲ್ಲಿ ಜನರು ಒಡವೆ ಅಡವಿಟ್ಟು, ಕಾಳಸಂತೆಯಲ್ಲಿ ಅದನ್ನು ಅರಸಿದರು. ಇದರ ಪಾಠ ಸ್ಪಷ್ಟ. ಇಂತಹ ಔಷಧಿ ಮಾತ್ರೆಯ ರೂಪದಲ್ಲಿ, ಅಗ್ಗದ ಬೆಲೆಗೆ, ರೋಗದ ಮೊದಲ ದಿನಗಳಲ್ಲೇ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದೊರೆಯಬೇಕು.

ಮಾರುಕಟ್ಟೆ ಇದನ್ನು ಕೊಡುವುದೇ? ಡೆಂಗಿಯ ವಿರುದ್ಧ ಭರವಸೆ ಮೂಡಿಸಿದ್ದ ಮಾತ್ರೆಯೊಂದರ ಪರೀಕ್ಷೆಯನ್ನು ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿ 2024ರ ಅಕ್ಟೋಬರಿನಲ್ಲಿ ಅರ್ಧಕ್ಕೇ ಕೈಬಿಟ್ಟಿತು. ಅದಕ್ಕೆ ಔಷಧಿಯ ಅಪಾಯ ಕಾರಣವಾಗಿರಲಿಲ್ಲ. ಕಂಪೆನಿಯ ಆದ್ಯತೆಗಳು ಬದಲಾಗಿದ್ದವು. ಬಡವರ ಜ್ವರದಲ್ಲಿ ಲಾಭವಿಲ್ಲ, ಮುಂದೆಂದೋ ಬರಬಹುದಾದ ಜ್ವರದಲ್ಲಂತೂ ಇಲ್ಲವೇ ಇಲ್ಲ.

ಆದರೆ ನಮ್ಮ ದೇಶಕ್ಕೆ ಬೇರೊಂದು ಪರಂಪರೆಯೂ ಇದೆ. ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಅಧಿಕ ಬೆಲೆಯಿದ್ದ ಏಡ್ಸ್ ಔಷಧಿಗಳನ್ನು 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್ ಕೇವಲ 350 ಡಾಲರಿಗೆ ಕೊಡಲು ಮುಂದಾದರು. ಮಾಡುವ ಕೌಶಲ ನಮ್ಮಲ್ಲಿದೆ. ಕೊರತೆ ಇರುವುದು ಸಂಶೋಧನೆಗೆ ಹಣ ತೊಡಗಿಸುವ ಇಚ್ಛಾಶಕ್ತಿಯಲ್ಲಿ. ಸರಕಾರವು ಈ ಶೋಧವನ್ನು ತನ್ನ ಹೊಣೆಯೆಂದು ಒಪ್ಪಬೇಕು, ಸಾರ್ವಜನಿಕ ಹಣದಿಂದ ಹುಟ್ಟಿದ ಔಷಧಿಯ ಬೆಲೆಯನ್ನು ತಾನೇ ನಿಗದಿಪಡಿಸಬೇಕು. ಮುಂದಿನ ಸಾಂಕ್ರಾಮಿಕ ಬಾಗಿಲು ತಟ್ಟಿದ ಮೇಲೆ ಮದ್ದು ಹುಡುಕುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಆ ಬೆಂಕಿಯಲ್ಲಿ ಮೊದಲು ಬೇಯುವುದು ಬಡವನ ಗುಡಿಸಲೇ ಎಂಬುದನ್ನು ನಾವು ಮರೆಯಬಾರದು.